ಆರ್ನಲ್ಡನ ಹೂಂ

ಆರ್ನಲ್ಡ್ ಸ್ವಾರ್‌ಬ್ರಿಕ್‌ನ ಬಾಯಲ್ಲಿ ಉಳಿದಿದ್ದದ್ದು ಒಂದೇ ಮಾತು. ಹೂಂ.

ಪಾರ್ಶ್ವವಾಯು ಬಡಿದ ದಿನ ಬಲಗೈ ಹೋಯಿತು, ಬಲಗಾಲು ಹೋಯಿತು, ಮಿಕ್ಕ ಮಾತೆಲ್ಲ ಹೋಯಿತು. ಫ್ಲೀಟ್‌ವುಡ್ ಎಂಬ ಇಂಗ್ಲಿಷ್ ಕಡಲೂರಿನ ಧಕ್ಕೆಯಲ್ಲಿ ಜೀವಮಾನವಿಡೀ ಹಡಗಿನಿಂದ ಮೀನು ಇಳಿಸಿದ ಆಸಾಮಿ. ಅವನು ಬೈಯಲು ಬಾಯಿ ತೆರೆದರೆ ಪಾದ್ರಿ ರಸ್ತೆ ದಾಟಿ ಆಚೆ ಹೋಗುತ್ತಿದ್ದ ಎಂದು ಊರಿನ ಹಳಬರು ನಗುತ್ತಿದ್ದರು. ಈಗ ಬೈಯಬೇಕಾದರೂ ಹೂಂ, ಅಳಬೇಕಾದರೂ ಹೂಂ. ಟೀ ಬೇಕಾ ಎಂದರೆ ಹೂಂ. ನೀನು ಕತ್ತೆಯಾ ಎಂದರೂ ಹೂಂ. ಹೆಂಡತಿ ಸತ್ತಿದ್ದಳು. ಮಕ್ಕಳಿರಲಿಲ್ಲ.

ಬೆಳಗ್ಗೆ ಅವನನ್ನು ತೊಳೆಯುತ್ತಿದ್ದವಳು ಗೇನರ್ ಥ್ರೆಲ್‌ಫಾಲ್. ಐವತ್ತು ದಾಟಿದ ಹೆಂಗಸು. ಆರೈಕೆ ಕಂಪನಿಯ ನೀಲಿ ಅಂಗಿ. ಶಾಲೆ ಬಿಟ್ಟವಳು ಮೀನು ಕಾರ್ಖಾನೆಗೆ ಹೋದಳು, ಕಾರ್ಖಾನೆ ಮುಚ್ಚಿದ ಮೇಲೆ ಮುದುಕರನ್ನು ತೊಳೆಯುವುದಕ್ಕೆ ಬಂದಳು. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ ಇದ್ದದ್ದು ಅಷ್ಟೇ.

ಬಾಗಿಲ ಪಕ್ಕ ಗೋಡೆಗೆ ಒಂದು ಪುಟ್ಟ ಪೆಟ್ಟಿಗೆ. ಅಂಕಿ ತಿರುಗಿಸಿದರೆ ತೆರೆಯುತ್ತದೆ, ಒಳಗೆ ಬೀಗದ ಕೈ. ಬಾಗಿಲು ತೆಗೆದ ಕೂಡಲೇ ಉಚ್ಚೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

"ಏಳೋ ಮುದುಕಪ್ಪ. ಬಂದ್ಳು ನಿನ್ನ ಎರಡನೇ ಹೆಂಡ್ತಿ."

"ಹೂಂ."

"ರಾತ್ರಿಯೆಲ್ಲಾ ನನ್ನನ್ನೇ ಕನಸು ಕಾಣ್ತಿದ್ದೆ ತಾನೆ?"

"ಹೂಂ."

"ಬೊಗಳೆ ಬಿಡಬೇಡ. ತಿರುಗು ಈ ಕಡೆ."

ತಿರುಗು ಎಂದರೆ ಅವನು ತಿರುಗುತ್ತಾನೆಯೇ? ಅವಳೇ ತಿರುಗಿಸಬೇಕು. ಒಂದು ಕೈ ಭುಜದ ಕೆಳಗೆ, ಒಂದು ಕೈ ಸೊಂಟದ ಕೆಳಗೆ, ಉಸಿರು ಬಿಗಿಹಿಡಿದು ಎಳೆಯಬೇಕು. ಮೀನು ಹೊತ್ತ ಮೈ, ಇನ್ನೂ ಭಾರವಿತ್ತು. ಉಚ್ಚೆ ಹೀರಿ ಕಲ್ಲಿನಷ್ಟು ಭಾರವಾದ, ಡೈಪರಿನಂಥ ಒಳಬಟ್ಟೆ ತೆಗೆಯಬೇಕು. ಹೇಲು ಒರೆಸಬೇಕು. ಬೋಗುಣಿಯಲ್ಲಿ ಬಿಸಿನೀರು ತಂದು ತೊಡೆಸಂದಿ, ವೃಷಣದ ಕೆಳಗೆ, ಕುಂಡೆಯ ಮಡಿಕೆ, ಕಂಕುಳು ಎಲ್ಲಾ ತೊಳೆದು ಒತ್ತಿ ಒರೆಸಬೇಕು. ತೇವ ಉಳಿದರೆ ಚರ್ಮ ಒಡೆಯುತ್ತದೆ. ಒಡೆದರೆ ಹುಣ್ಣು. ಹುಣ್ಣಾದರೆ ಮೂಳೆಯ ತನಕ ಹೋಗುತ್ತದೆ. ಆಮೇಲೆ ಅಂಗಿ, ಚಡ್ಡಿ, ಕುರ್ಚಿ, ಗಂಜಿ, ಮಾತ್ರೆ. ಇಷ್ಟಕ್ಕೂ ಅರ್ಧ ಗಂಟೆ. ಸಂಜೆ ಬರುವವರು ಕುರ್ಚಿಯಿಂದ ಹಾಸಿಗೆಗೆ ಎತ್ತಿ ಹಾಕಿ ಹೋಗುತ್ತಿದ್ದರು, ಅಷ್ಟೇ. ಮನೆಯಿಂದ ಮನೆಗೆ ಓಡುವ ಹೊತ್ತಿಗೆ ಕಂಪನಿ ಕೂಲಿ ಕೊಡುವುದಿಲ್ಲ. ಅಲ್ಲಿ ಅವಳು ಓಡುತ್ತಿರುವುದು ಅವಳ ಸ್ವಂತ ಆಸೆಗೆ ಎಂದು ಲೆಕ್ಕ.

ಕೆಲಸ ಮುಗಿದ ಮೇಲೆ ಕಂಪನಿಯ ಫೋನು ಕೇಳುತ್ತದೆ: ಸ್ನಾನ ಆಯಿತೇ? ಒತ್ತಲು ಮೂರು ಗುಂಡಿ. ಆಯಿತು. ಬೇಡವೆಂದರು. ಮನೆಯಲ್ಲಿರಲಿಲ್ಲ. ಒಂದನ್ನು ಒತ್ತದೆ ಮುಂದಿನ ಮನೆಯ ವಿಳಾಸ ತೆರೆಯುವುದಿಲ್ಲ. ಹೊತ್ತು ಸಾಲಲಿಲ್ಲ ಎಂಬ ಗುಂಡಿ ಇರಲಿಲ್ಲ. ಅಂಥ ಗುಂಡಿ ಇಟ್ಟರೆ ಕಂಪನಿಯ ಗುಟ್ಟು ಬಯಲಾಗುತ್ತದಲ್ಲ. ಆದ್ದರಿಂದ ಹೊತ್ತು ಸಾಲದವರೆಲ್ಲ ಎರಡನೆಯದನ್ನು ಒತ್ತುತ್ತಿದ್ದರು. ಗೇನರ್ ಕೂಡ ಒತ್ತಿದ್ದಳು, ಬೇರೆ ಬೇರೆ ಮನೆಗಳಲ್ಲಿ. ಆ ಊರಿನ ಮುದುಕರಿಗೆ ನೀರು ಕಂಡರೆ ಆಗುವುದಿಲ್ಲ ಎಂದು ಎಲ್ಲೋ ಕೂತ ಯಾರೋ ನಂಬಿಕೊಂಡಿದ್ದರು.

ಒಂದು ದಿನ ಅವಳಿಗೆ ಆಫೀಸಿಗೆ ಬಾ ಎಂದು ಕರೆ ಬಂತು. ಮ್ಯಾನೇಜರ್ ಕರ್ಸ್ಟಿ ಕರೆದರೆ ಸಾಮಾನ್ಯವಾಗಿ ಬೈಸಿಕೊಳ್ಳುವುದಕ್ಕೆ. ಗೇನರ್ ಕೈಚೀಲ ಎದೆಗವುಚಿಕೊಂಡು ಕೂತಳು.

"ನಿನಗೊಂದು ಒಳ್ಳೇ ಸುದ್ದಿ ಕಣೇ," ಅಂದಳು ಕರ್ಸ್ಟಿ. "ಸರ್ಕಾರದೋರು ಒಂದು ನಿಧಿ ಮಾಡಿದಾರೆ. ಆರೈಕೆ ಕೆಲಸ ಮಾಡೋರಿಗೆ ಸಂಶೋಧನೆ ಕಲಿಸೋದಕ್ಕೆ. ವಾರಕ್ಕೊಂದು ದಿನ ಯೂನಿವರ್ಸಿಟಿ. ಆ ದಿನದ ನಿನ್ನ ಸಂಬಳ ಅವರೇ ಕೊಡ್ತಾರೆ. ನಿನ್ನ ಬದಲಿಗೆ ಬರೋರ ಸಂಬಳಾನೂ ಅವರೇ ಕೊಡ್ತಾರೆ."

"ನಾನಾ? ನಾನು ಪರೀಕ್ಷೇನೇ ಪಾಸ್ ಮಾಡಿಲ್ಲ."

"ಅದೇ ಬೇಕಂತೆ ಅವರಿಗೆ. ನಿನ್ನಂಥೋರೇ."

ಗೇನರ್ ನಕ್ಕಳು. ಮನೆಗೆ ಹೋಗಿ ಅತ್ತಳು, ಖುಷಿಗೆ. ಏನು ಸಂಶೋಧನೆ ಮಾಡುತ್ತೀಯ ಎಂದು ಅರ್ಜಿಯಲ್ಲಿ ಕೇಳಿದ್ದರು. ಅವಳಿಗೆ ಗೊತ್ತಿದ್ದದ್ದು ಒಂದೇ. ಸ್ನಾನ ಬೇಡವೆನ್ನುವ ಮುದುಕರು ಯಾಕೆ ಬೇಡವೆನ್ನುತ್ತಾರೆ? ಅದನ್ನೇ ಬರೆದಳು. ಆ ಗುಂಡಿಯ ಕಥೆಯನ್ನು ಹೇಳುವುದಕ್ಕೆ ಇದೇ ದಾರಿ, ದೊಡ್ಡವರ ಮನೆಯ ಮುಂಬಾಗಿಲಿನಿಂದಲೇ ಒಳಗೆ ಹೋಗುತ್ತೇನೆ ಎಂದುಕೊಂಡಳು. ಅವಳಿಗೇ ಆ ನಿಧಿ ಸಿಕ್ಕಿತು.

"ಇನ್ಮೇಲೆ ಬುಧವಾರ ನಾನು ಬರಲ್ಲ ಕಣೋ ಆರ್ನಲ್ಡ್," ಅಂದಳು ಅವನ ಬೆನ್ನು ತೊಳೆಯುತ್ತ. "ಬೇರೆಯೋರು ಬರ್ತಾರೆ. ಪರವಾಗಿಲ್ಲ ತಾನೆ?"

"ಹೂಂ."

"ನಾನು ಓದೋಕೆ ಹೋಗ್ತಿದೀನಿ. ಈ ವಯಸ್ಸಲ್ಲಿ. ನಗು ಬರ್ತಿದೆಯಾ?"

"ಹೂಂ," ಅಂದ. ಎಡಗಡೆಯ ತುಟಿ ನಿಜವಾಗಿಯೂ ಸ್ವಲ್ಪ ಮೇಲೆ ಹೋಯಿತು.

ಬುಧವಾರ ಅವಳಿಗೆ ಹಬ್ಬವಾಯಿತು. ಸುಳ್ಳು ಯಾಕೆ ಹೇಳಬೇಕು. ನೀಲಿ ಅಂಗಿ ಬಿಟ್ಟು ಹಸಿರು ಸ್ವೆಟರ್ ಹಾಕಿಕೊಳ್ಳುತ್ತಿದ್ದಳು. ಟ್ರ್ಯಾಮು, ಆಮೇಲೆ ರೈಲು. ದಾರಿಯಲ್ಲಿ ಕೂತುಕೊಂಡಿದ್ದಕ್ಕೂ ಸಂಬಳ. ಕುರ್ಚಿಗೆ ಬೆನ್ನು ಆನಿಸಿ ಇಡೀ ಬೆಳಗ್ಗೆ ಕೂರಬಹುದಿತ್ತು. ಮಧ್ಯಾಹ್ನದ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟುಕೊಂಡು ತಿನ್ನಬಹುದಿತ್ತು, ನಡೆಯುತ್ತ ಅಲ್ಲ. ಉಚ್ಚೆ ಬಂದರೆ ಎದ್ದು ಹೋಗಬಹುದಿತ್ತು. ಕೆಲಸದ ದಿನಗಳಲ್ಲಿ ಅವಳು ಬೇರೆಯವರ ಉಚ್ಚೆ ಒರೆಸುತ್ತ ತನ್ನದನ್ನು ಮಧ್ಯಾಹ್ನದವರೆಗೆ ಕಟ್ಟಿಟ್ಟುಕೊಂಡಿರುತ್ತಿದ್ದಳು.

ತರಗತಿಯಲ್ಲಿ ಮಿಕ್ಕವರೆಲ್ಲ ಕೌನ್ಸಿಲ್, ಅಂದರೆ ಊರಾಡಳಿತದ ಆಫೀಸಿನವರು, ಪದವಿ ಇದ್ದವರು. ಮೊದಲ ದಿನ ಒಬ್ಬ ಗಡ್ಡದವನು ಅವಳ ಕೈ ಕುಲುಕಿದ.

"ಓ, ನೀವು ಮನೆಮನೆಗೆ ಹೋಗೋರಾ? ಬಹಳ ಒಳ್ಳೇದಾಯ್ತು. ನಿಮ್ಮ ದನಿ ಬೇಕಿತ್ತು ನಮಗೆ."

ಕುಲುಕಿದ ಕೈಯನ್ನು ಅವನು ಆಮೇಲೆ ಪ್ಯಾಂಟಿಗೆ ಒರೆಸಿಕೊಂಡ. ಅಭ್ಯಾಸವೋ ಏನೋ. ಅವಳು ಶೌಚಾಲಯಕ್ಕೆ ಹೋಗಿ ತನ್ನ ಕೈ ಮೂಸಿದಳು. ಸೋಪಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಆದರೂ ಮತ್ತೊಮ್ಮೆ ತೊಳೆದಳು.

ಪಾಠ ಹೇಳುತ್ತಿದ್ದವಳು ಡಾಕ್ಟರ್ ಇಮೋಜೆನ್. ಒಳ್ಳೆಯವಳು. ತಗ್ಗಿದ ದನಿ, ಉದ್ದದ ಬೆರಳು. ಗೇನರ್ ಏನು ಹೇಳಿದರೂ "ಎಷ್ಟು ಮುಖ್ಯವಾದ ಮಾತು" ಎಂದು ಬರೆದುಕೊಳ್ಳುತ್ತಿದ್ದಳು. ಜೀವಮಾನದಲ್ಲಿ ಗೇನರಳ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ. ಅವಳಿಗೆ ಅದೂ ಬಿಸಿನೀರಿನಷ್ಟೇ ಹಿತವಾಗಿತ್ತು.

ಗುರುವಾರ ಬೆಳಗ್ಗೆ ಆ ಹಿತ ಇಳಿಯುತ್ತಿತ್ತು.

ಮೊದಲ ಗುರುವಾರ ಆರ್ನಲ್ಡನ ಒಳಬಟ್ಟೆ ಮಂಗಳವಾರ ತಾನೇ ಕಟ್ಟಿದ್ದ ಹಾಗೆ ಇತ್ತು. ಅದರ ಅಂಟುಪಟ್ಟಿಯನ್ನು ಅವಳು ಒಂದು ಬಗೆಯಲ್ಲಿ ಮಡಿಚುತ್ತಿದ್ದಳು, ಅದೇ ಮಡಿಕೆ. ಯಾರೋ ಮರೆತಿರಬೇಕು ಎಂದುಕೊಂಡಳು. ಎರಡನೆಯ ಗುರುವಾರವೂ ಅದೇ. ಹೇಲು ಒಣಗಿ ಕೂದಲಿಗೆ ಅಂಟಿತ್ತು. ನೆನೆಸಿ ನೆನೆಸಿ ಬಿಡಿಸಬೇಕಾಯಿತು. ಎಷ್ಟು ಮೆಲ್ಲಗೆ ಬಿಡಿಸಿದರೂ ಚರ್ಮ ಜೊತೆಗೇ ಬಂತು. ಆರ್ನಲ್ಡ್ ಹೂಂ, ಹೂಂ, ಹೂಂ ಎಂದು ಕೂಗಿದ. ಎಡಗೈಯಿಂದ ಅವಳ ಕೂದಲು ಹಿಡಿದು ಎಳೆದ. ಅವಳು ಬೈಯಲಿಲ್ಲ. ಮುಂದಿನ ವಾರ ಬಾಲದ ಮೂಳೆಯ ಮೇಲೆ ಕೆಂಪು ಮಚ್ಚೆ ಕಂಡಿತು. ಬೆರಳಿಂದ ಒತ್ತಿ ನೋಡಿದಳು. ಒತ್ತಿದರೆ ಬಿಳಿಯಾಗಬೇಕು, ಆಗದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ಆಗಲಿಲ್ಲ.

ಅಲ್ಲಿಂದಲೇ ಕರ್ಸ್ಟಿಗೆ ಫೋನು ಮಾಡಿದಳು.

"ಬುಧವಾರ ಆರ್ನಲ್ಡನ್ನ ಯಾರೂ ತೊಳೀತಿಲ್ಲ."

"ತಾಳು, ನೋಡ್ತೀನಿ." ಕೀಲಿಮಣೆಯ ಸದ್ದು. "ನಿನ್ನ ಬದಲಿಗೆ ಮೈದೇಯಿ ಹೋಗಿದಾಳೆ. ಪ್ರತಿ ಬುಧವಾರಾನೂ ಹೋಗಿದಾಳೆ. ಅವರೇ ಬೇಡ ಅಂದಿದಾರೆ."

"ಯಾರು?"

"ಆರ್ನಲ್ಡ್."

ಗೇನರ್‌ಗೆ ನಗು ಉಕ್ಕಿತು. ಕೆಟ್ಟ ನಗು. "ಕರ್ಸ್ಟಿ, ಅವನ ಬಾಯಲ್ಲಿ ಹೂಂ ಬಿಟ್ಟು ಬೇರೆ ಮಾತೇ ಇಲ್ಲ."

"ಏನೋಮ್ಮ. ಹುಡುಗಿ ಗುಂಡಿ ಒತ್ತಿದಾಳೆ. ಬೇಡ ಅನ್ನೋರ ಮೇಲೆ ಬಲವಂತವಾಗಿ ನೀರು ಹಾಕೋಕಾಗುತ್ತಾ? ಅದೂ ತಪ್ಪೇ."

"ನನ್ನ ಬದಲಿಗೆ ಜನ ಕೊಡೋಕೆ ಅಂತ ದುಡ್ಡು ಬರುತ್ತಲ್ಲ? ಆ ಜನ ಎಲ್ಲಿ?"

"ದುಡ್ಡು ಬರುತ್ತೆ ಗೇನರ್. ಜನ ಎಲ್ಲಿಂದ ತರ್ಲಿ? ಈ ಸಂಬಳಕ್ಕೆ ಯಾರು ಬರ್ತಾರೆ, ನೀನೇ ಹೇಳು. ನಿನ್ನ ಮನೆಗಳನ್ನ ಮಿಕ್ಕೋರ ಮನೆಗಳ ಮಧ್ಯೆ ತುರುಕಿದೀನಿ. ನನಗೂ ಎರಡೇ ಕೈ ಇರೋದು."

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎನ್ನುತ್ತಾರೆ. ಇಲ್ಲಿ ಪೂಜಾರಿ ವರವನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡಿದ್ದ. ಜೊತೆಗೆ ಗೇನರಳ ಫೋಟೋವನ್ನೂ ಕಂಪನಿಯ ಜಾಹೀರಾತಿಗೆ ಹಾಕಿಕೊಂಡಿದ್ದ. ನಮ್ಮ ಕೆಲಸಗಾರರು ಈಗ ಸಂಶೋಧಕರು, ಅಂತ.

ಗೇನರ್ ಕೌನ್ಸಿಲಿಗೆ ದೂರು ಕೊಟ್ಟಳು. ಫೋನಿನಲ್ಲಿ ಸಂಗೀತ ಕೇಳಿಸಿದರು, ಕಾಯಿಸಿದರು, ಬರೆದುಕೊಂಡರು. ಒಂದು ದಿನ ಅವಳು ಆರ್ನಲ್ಡನಿಗೆ ಗಂಜಿ ಕುಡಿಸುತ್ತಿದ್ದಾಗ ಕೌನ್ಸಿಲಿನವಳೊಬ್ಬಳು ಬಂದಳು. ಮುಂದೆ ಮಂಡಿಯೂರಿ ಕೂತು, ಎರಡೂ ಕೈಯಲ್ಲಿ ಅವನ ಕೈ ಹಿಡಿದಳು.

"ನಿಮ್ಮನ್ನ ಚೆನ್ನಾಗಿ ನೋಡ್ಕೋತಾರಾ, ಆರ್ನಲ್ಡ್?"

"ಹೂಂ."

"ಎಲ್ಲಾ ದಿನವೂ?"

"ಹೂಂ."

"ಏನಾದರೂ ತೊಂದರೆ ಇದೆಯಾ ಅಂತ ಕೇಳಿ," ಅಂದಳು ಗೇನರ್. "ಅದನ್ನೂ ಕೇಳಿ."

"ತೊಂದರೆ ಏನಾದರೂ ಇದೆಯಾ?"

"ಹೂಂ."

ಕೌನ್ಸಿಲಿನವಳು ಇಬ್ಬರ ಮುಖವನ್ನೂ ನೋಡಿದಳು. ಅವಳಿಗೆ ಅರ್ಥವಾಯಿತು. ಗೇನರ್‌ಗೆ ಅದು ಕಂಡಿತು. ಆದರೆ ಕೌನ್ಸಿಲಿನವಳ ಕೈಯಲ್ಲೂ ಇಂಥ ಮನೆಗಳ ದೊಡ್ಡ ಸಾಲು ಇತ್ತು. "ಮಾತು ಸ್ಪಷ್ಟವಾಗಿಲ್ಲ ಅಂತ ಬರೀತೀನಿ," ಎಂದು ಎದ್ದಳು. ಹುಣ್ಣಿಗೆ ನರ್ಸ್ ಕಳಿಸುತ್ತೇನೆ ಎಂದಳು. ನರ್ಸ್ ಬಂದಳು, ಪಟ್ಟಿ ಅಂಟಿಸಿದಳು, ಒಣಗಿರಲಿ ಎಂದು ಹೇಳಿ ಹೋದಳು. ಬುಧವಾರ ಅದು ನೆನೆಯಿತು.

ಇನ್ನು ಉಳಿದದ್ದು ಯೂನಿವರ್ಸಿಟಿ. ಅಲ್ಲಿ ತನ್ನ ಮಾತನ್ನು ಬರೆದುಕೊಳ್ಳುತ್ತಾರಲ್ಲ. ತರಗತಿ ಮುಗಿದ ಮೇಲೆ ಗೇನರ್ ಇಮೋಜೆನ್‌ಳ ಕೋಣೆಯ ಬಾಗಿಲು ತಟ್ಟಿದಳು.

"ನನ್ನ ಸಂಶೋಧನೆಯಲ್ಲಿ ಆರ್ನಲ್ಡನ್ನ ಸೇರಿಸ್ಬೇಕು."

ಇಮೋಜೆನ್ ಕನ್ನಡಕ ತೆಗೆದಳು. "ನಾನೂ ಯೋಚನೆ ಮಾಡ್ದೆ ಗೇನರ್. ಕಷ್ಟ. ಯಾರನ್ನೇ ಸೇರಿಸ್ಬೇಕಾದ್ರೂ ಅವರ ಒಪ್ಪಿಗೆ ಬೇಕು. ಅವರು ಎಲ್ಲದಕ್ಕೂ ಹೂಂ ಅಂತಾರೆ ಅಂತ ನೀನೇ ಬರೆದಿದ್ದೀಯ. ಹಾಗಿದ್ಮೇಲೆ ಅವರ ಹೂಂನ ಒಪ್ಪಿಗೆ ಅಂತ ಹೇಗೆ ತಗೊಳ್ಳೋದು? ಸಂಶೋಧನೆಗೆ ಅನುಮತಿ ಕೊಡೋ ಸಮಿತಿಯೋರು ಬಿಡಲ್ಲ. ಅವರ ಪರವಾಗಿ ಹೇಳೋಕೆ ಹತ್ತಿರದೋರು ಯಾರಾದರೂ ಇದ್ರೆ ಬೇರೆ ಮಾತು."

"ಯಾರೂ ಇಲ್ಲ. ನಾನೇ."

"ನೀನು ಸಂಶೋಧಕಿ. ನೀನು ಹೇಳೋ ಹಾಗಿಲ್ಲ."

"ಸರಿ. ಅವನ ಹೂಂ ಲೆಕ್ಕಕ್ಕಿಲ್ಲ."

"ಅವರ ರಕ್ಷಣೆಗೇ ಆ ನಿಯಮ ಇರೋದು."

"ಸರಿ ಅಂದ್ನಲ್ಲ. ಅವನ ಹೂಂ ಲೆಕ್ಕಕ್ಕಿಲ್ಲ. ಅವನು ಅಂದೇ ಇಲ್ಲದ ಬೇಡ ಮಾತ್ರ ಹೇಗೆ ಲೆಕ್ಕಕ್ಕೆ ಬಂತು? ನನ್ನ ಹತ್ರ ಮಾತಾಡೋಕೆ ಅವನಿಗೆ ಬುದ್ಧಿ ಸಾಲದು. ಹೇಲಲ್ಲಿ ಬಿದ್ದಿರೋಕೆ ಒಪ್ಪೋಷ್ಟು ಬುದ್ಧಿ ಇದೆ. ಅಲ್ವಾ ಡಾಕ್ಟ್ರೇ?"

ಇಮೋಜೆನ್ ಪೆನ್ನು ತೆಗೆದುಕೊಂಡಳು. "ಎಷ್ಟು ಮುಖ್ಯವಾದ..." ಎಂದವಳು ಅಷ್ಟಕ್ಕೇ ನಿಲ್ಲಿಸಿದಳು. ಕಣ್ಣಲ್ಲಿ ನೀರು ಬಂದಿತ್ತು. ಪಾಪದವಳು. ಕಂಪನಿಗೆ ಒಂದು ಪತ್ರ ಬರೆಯುತ್ತೇನೆ ಎಂದಳು. ಬರೆದಳು ಕೂಡ. ಬದಲಿ ಜನ ಹೋಗುತ್ತಿದ್ದಾರೆ, ಪ್ರತಿ ಬುಧವಾರವೂ ಹೋಗಿದ್ದಾರೆ ಎಂದು ಕಂಪನಿ ಉತ್ತರ ಕೊಟ್ಟಿತು. ಅದು ನಿಜವೇ ಆಗಿತ್ತು.

ನಿಧಿ ಬಿಟ್ಟುಬಿಡುತ್ತೇನೆ, ನನ್ನ ಬುಧವಾರ ನನಗೆ ಕೊಡಿ ಎಂದು ಗೇನರ್ ಕರ್ಸ್ಟಿಯನ್ನು ಕೇಳಿದಳು. ಒಪ್ಪಂದ ವರ್ಷದ್ದು, ನಡುವೆ ಬಿಟ್ಟರೆ ಕಂಪನಿ ದುಡ್ಡು ವಾಪಸ್ಸು ಕಟ್ಟಬೇಕು, ಆಗಲ್ಲ ಅಂದಳು ಕರ್ಸ್ಟಿ. ಸರಿ, ಹಾಗಾದರೆ ಬಿಟ್ಟಿಯಾಗಿ ಮಾಡುತ್ತೇನೆ ಎಂದು ಗೇನರ್ ತನ್ನೊಳಗೇ ಅಂದುಕೊಂಡಳು. ಮುಂದಿನ ಬುಧವಾರ ಬೆಳಗ್ಗೆ ಹಸಿರು ಸ್ವೆಟರಿನಲ್ಲೇ ಆರ್ನಲ್ಡನ ಮನೆಗೆ ಹೋದಳು. ತೊಳೆದಳು, ಒರೆಸಿದಳು, ಹುಣ್ಣು ಒಣಗಿಸಿದಳು, ಗಂಜಿ ಕುಡಿಸಿದಳು. ಆಮೇಲೆ ರೈಲಿಗೆ ಓಡಿದಳು. ತರಗತಿಗೆ ತಡವಾಗಿ ಹೋಗಿ ಬೆವರುತ್ತ ಕೂತಳು. ಸೊಂಟ ಹಿಡಿದುಕೊಂಡಿತ್ತು. ಆದರೂ ಆ ದಿನ ಅವಳಿಗೆ ನೆಮ್ಮದಿ ಇತ್ತು.

ಕಂಪನಿಯ ಫೋನು ಚೀಲದಲ್ಲಿತ್ತು. ಅದು ಯಾವ ಮನೆಯಲ್ಲಿದೆಯೆಂದು ಕರ್ಸ್ಟಿಯ ಪರದೆಯ ಮೇಲೆ ಕಾಣುತ್ತದೆ. ರಜೆಯ ದಿನವೂ ಕಾಣುತ್ತದೆ ಎನ್ನುವುದು ಗೇನರ್‌ಗೆ ಹೊಳೆದಿರಲಿಲ್ಲ.

ಈ ಸಲ ಆಫೀಸಿನಲ್ಲಿ ಕರ್ಸ್ಟಿಯ ಪಕ್ಕದಲ್ಲಿ ಮೇಲಿನ ಆಫೀಸಿನ ಒಬ್ಬ ಟೈ ಕಟ್ಟಿದವನೂ ಇದ್ದ. ಗೇನರ್‌ಗೆ ಕೂರಲು ಹೇಳಲಿಲ್ಲ.

"ಬುಧವಾರ ನೀವು ನಮ್ಮ ಕೆಲಸದೋರಲ್ಲ," ಅಂದ ಅವನು. "ಯೂನಿವರ್ಸಿಟಿಯೋರು. ನಮ್ಮ ಕೆಲಸದೋರಲ್ಲದೋರು ಒಬ್ಬ ಅಸಹಾಯಕ ಮುದುಕರ ಮನೆಗೆ ನುಗ್ಗಿ ಅವರ ಬಟ್ಟೆ ಬಿಚ್ಚಿದ್ರೆ ಅದಕ್ಕೆ ಏನಂತಾರೆ ಗೊತ್ತಾ?"

ಗೇನರ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿಯ ತನಕ ಬೆಂಕಿ ಹತ್ತಿತು. ಆರ್ನಲ್ಡನನ್ನು ಹೇಲಿನಿಂದ ಎತ್ತಿದ ಕೈ ಅದು. ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಳು.

"ಕರ್ಸ್ಟಿ, ನೀನಾದ್ರೂ ಹೇಳೇ," ಅಂದಳು.

ಕರ್ಸ್ಟಿ ಮೇಜಿನ ಮೇಲಿದ್ದ ಬಿಸ್ಕತ್ತಿನ ಪುಡಿಯನ್ನು ಬೆರಳಿಂದ ಒಟ್ಟುಗೂಡಿಸುತ್ತಿದ್ದಳು.

ಪೊಲೀಸರ ತನಕ ಒಯ್ಯುವುದಿಲ್ಲ, ಅದು ನಮ್ಮ ದೊಡ್ಡತನ ಅಂದ ಟೈಯವನು. ಆದರೆ ಇನ್ನು ಮೇಲೆ ಆರ್ನಲ್ಡನ ಮನೆ ಅವಳಿಗಿಲ್ಲ. ಬುಧವಾರ ಮಾತ್ರವಲ್ಲ, ಯಾವ ದಿನವೂ ಇಲ್ಲ. ಗೋಡೆಯ ಪೆಟ್ಟಿಗೆಯ ಅಂಕಿ ಆ ಸಂಜೆಯೇ ಬದಲಾಯಿತು.

ಗೇನರ್ ಬೇರೆ ಮನೆಗಳಲ್ಲಿ ಬೇರೆ ಮುದುಕರನ್ನು ತೊಳೆದಳು. ಬುಧವಾರ ಯೂನಿವರ್ಸಿಟಿಯಲ್ಲಿ ಕೂತಳು. ಕುರ್ಚಿ ಮೊದಲಿನ ಕುರ್ಚಿಯೇ, ಆದರೆ ಮೈಗೆ ಒಗ್ಗುತ್ತಿರಲಿಲ್ಲ. ಆರ್ನಲ್ಡನ ಸುದ್ದಿಯನ್ನು ಯಾರೂ ಹೇಳುತ್ತಿರಲಿಲ್ಲ. ಹೇಳಬಾರದೆಂಬ ನಿಯಮವಿತ್ತು. ವರ್ಷದ ಕೊನೆಗೆ ನಿಧಿಯವರ ಸಭೆ. ಅಲ್ಲಿ ಅವಳು ನಿಂತು ತನ್ನ ಸಂಶೋಧನೆ ಹೇಳಬೇಕಿತ್ತು, ದೊಡ್ಡವರೆಲ್ಲ ಬರುತ್ತಿದ್ದರು. ಸಭೆ ಇದ್ದದ್ದೂ ಬುಧವಾರವೇ. ಆ ಬೆಳಗ್ಗೆ ಸ್ಟೇಷನ್ನಿಗೆ ಹೊರಟ ಟ್ರ್ಯಾಮಿನಿಂದ ಗೇನರ್ ನಡುವೆಯೇ ಇಳಿದುಬಿಟ್ಟಳು.

ಸಮುದ್ರದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಆರ್ನಲ್ಡನ ಬಾಗಿಲ ಮೆಟ್ಟಿಲ ಮೇಲೆ ಕೂತಳು. ಪೆಟ್ಟಿಗೆ ಮುಟ್ಟಲಿಲ್ಲ. ಕೂತೇ ಇದ್ದಳು.

ಮೈದೇಯಿ ಓಡುತ್ತ ಬಂದಳು. ಜಿಂಬಾಬ್ವೆಯ ಹುಡುಗಿ, ಇಬ್ಬರು ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಬಂದವಳು. ಕಂಪನಿಯೇ ಕರೆಸಿದ್ದು, ವೀಸಾ ಕಂಪನಿಯ ಕೈಯಲ್ಲಿ. ಕಂಪನಿ ಬಿಟ್ಟರೆ ದೇಶ ಬಿಡಬೇಕು. ಗೇನರ್‌ಳನ್ನು ಕಂಡು ಗೇಟಿನಲ್ಲೇ ನಿಂತಳು.

"ಅಮ್ಮಾ, ದಮ್ಮಯ್ಯ, ಹೋಗು. ನಿನ್ನನ್ನ ಒಳಗೆ ಬಿಟ್ರೆ ನನ್ನನ್ನ ಕಳಿಸ್ತಾರೆ."

"ನಾನು ಒಳಗೆ ಬರಲ್ಲ. ನೀನು ಹೋಗು. ನಿನ್ನ ಕೆಲಸ ಮಾಡು."

ಮೈದೇಯಿ ಅವಳನ್ನು ದಾಟಿ ಒಳಗೆ ಹೋದಳು. ಬಾಗಿಲು ಅರ್ಧ ತೆರೆದೇ ಇತ್ತು. ವಾಸನೆ ಹೊರಗೆ ಬಂತು. ಉಚ್ಚೆಯದಲ್ಲ, ಹೇಲಿನದಲ್ಲ. ಕೊಳೆತ ಮಾಂಸದ ವಾಸನೆ. ಮೀನು ಕಾರ್ಖಾನೆಯಲ್ಲಿ ದುಡಿದವಳಿಗೆ ಅದನ್ನು ಹೇಳಿಕೊಡಬೇಕಿರಲಿಲ್ಲ. ಗೇನರ್ ಬಾಯಿಗೆ ಕೈ ಅಡ್ಡ ಹಿಡಿದಳು. ಮಾತ್ರೆಯ ಡಬ್ಬಿಯ ಸದ್ದು, ಲೋಟದ ಸದ್ದು ಕೇಳಿಸಿತು. ನಲ್ಲಿಯ ಸದ್ದು ಕೇಳಿಸಲಿಲ್ಲ. ಮೈದೇಯಿ ಆಗಲೇ ಹೊರಗೆ ಬಂದಿದ್ದಳು, ಕೈಯಲ್ಲಿ ಫೋನು, ಹೆಬ್ಬೆರಳು ಮೇಲೆತ್ತಿ.

ಗೇನರ್ ಎದ್ದು ಆ ಫೋನನ್ನು ಕಿತ್ತುಕೊಂಡಳು.

"ಒತ್ತಬೇಡ."

"ಕೊಡಮ್ಮಾ. ತಡ ಆಗ್ತಿದೆ."

"ಒತ್ತಬೇಡ ಅಂದೆ. ಅವನು ಬೇಡ ಅಂದಿಲ್ಲ. ಸುಳ್ಳು ಹೇಳ್ತೀಯ ನೀನು. ಭಾನುವಾರ ಚರ್ಚಿಗೆ ಹೋಗಿ ಹಾಡ್ತೀಯ, ಬುಧವಾರ ಸುಳ್ಳು ಒತ್ತುತೀಯ. ನಾಚಿಕೆ ಆಗಲ್ವಾ?"

ಮೈದೇಯಿಯ ಮುಖ ಬಿಗಿಯಿತು. "ಸುಳ್ಳಿ ಅನ್ನಬೇಡ ನನ್ನನ್ನ. ಏನು ಬೇಕಾದ್ರೂ ಅನ್ನು, ಅದನ್ನ ಅನ್ನಬೇಡ. ಮಿಕ್ಕೋರು ಕೇಳದೇನೇ ಒತ್ತುತಾರೆ. ನಾನು ಪ್ರತಿ ಸಲಾನೂ ಕೇಳ್ತೀನಿ. ಅವನ ಬಾಯಿಂದ ಕೇಳಿಸ್ಕೊಂಡೇ ಒತ್ತೋದು."

"ಕೇಳು ಹಾಗಾದ್ರೆ. ನನ್ನ ಮುಂದೆ ಕೇಳು."

ಮೈದೇಯಿ ಒಳಗೆ ತಿರುಗಿ ಕೂಗಿದಳು. ದನಿಯಲ್ಲಿ ಅಕ್ಕರೆ ಇತ್ತು, ಮಗುವನ್ನು ಕೇಳಿದ ಹಾಗೆ.

"ಆರ್ನಲ್ಡ್, ಇವತ್ತು ಸ್ನಾನ ಬೇಡ ತಾನೆ?"

"ಹೂಂ," ಎಂದಿತು ಒಳಗಿನ ದನಿ.

"ಕೇಳಿಸ್ತಾ?" ಅಂದಳು ಮೈದೇಯಿ. "ನಾನು ಸುಳ್ಳು ಹೇಳಲ್ಲ."

ಗೇನರ್‌ಗೆ ಆ ಹುಡುಗಿಯ ಕೆನ್ನೆಗೆ ಹೊಡೆಯಬೇಕೆನಿಸಿತು. ತಬ್ಬಿಕೊಂಡು ಅಳಬೇಕೆನಿಸಿತು. ಮೈದೇಯಿಯ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು, ಎತ್ತಿ ಎತ್ತಿ ಊದಿಕೊಂಡಿದ್ದದ್ದು. ಗೇನರ್‌ಗೂ ಆ ನೋವು ಗೊತ್ತು.

"ಬೇಕಾ ಅಂತ ಕೇಳೇ," ಅಂದಳು ಕೊನೆಗೆ. "ಬೇಡ ತಾನೆ ಅನ್ನಬೇಡ. ಬೇಕಾ ಅನ್ನು. ಒಂದೇ ಸಲ."

"ಬೇಕಾ ಅಂದ್ರೆ ಹೂಂ ಅಂತಾನಲ್ಲಮ್ಮ!" ಮೈದೇಯಿ ಕಿರುಚಿದಳು. "ಹೂಂ ಅಂದ್ಮೇಲೆ ಮಾಡಬೇಕಲ್ಲ! ಯಾವ ಹೊತ್ತಲ್ಲಿ ಮಾಡ್ಲಿ? ಇವನನ್ನ ತೊಳೆದ್ರೆ ಆಚೆ ಬೀದಿ ಅಜ್ಜಿ ಕಕ್ಕಸಿನ ಕುರ್ಚಿ ಮೇಲೇ ಕೂತಿರ್ತಾಳೆ. ಹಿಂದಿನ ಮನೆಯೋರು ಅಲ್ಲಿ ಕೂರಿಸಿ ಹೋಗಿದಾರೆ, ಇಳಿಸೋದು ನಾನು. ತೊಡೆ ನೀಲಿ ಆಗುತ್ತೆ ಅವಳದ್ದು. ಯಾರನ್ನ ಬಿಡ್ಲಿ? ಇಷ್ಟು ವರ್ಷ ಮಾಡಿದೀಯ, ಓದೋಕೆ ಬೇರೆ ಹೋಗ್ತೀಯ. ಹೇಳು, ಯಾರನ್ನ ಬಿಡ್ಲಿ?"

ಗೇನರ್‌ಳ ಕೈಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಆಫೀಸಿನಿಂದ. ಅದನ್ನು ಕಲ್ಲಿಗೆ ಅಪ್ಪಳಿಸಿ ಒಡೆದುಹಾಕಬಹುದಿತ್ತು. ಒಡೆದರೆ ಕಳೆದುಕೊಳ್ಳುವವಳು ಮೈದೇಯಿ. ಕೊಡದೆ ಹಿಡಿದುಕೊಂಡರೆ ಕೂತಲ್ಲೇ ಕೂತಿರುವವಳು ಆ ಅಜ್ಜಿ. ಟೈಯವನಿಗೆ ಇದರಿಂದ ಕೂದಲೂ ಕೊಂಕುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳು ಒಂದನ್ನು ಆಗದು ಎಂದು ಹಿಡಿದು ನಿಂತಿದ್ದಳು. ಅದು ಬಂದು ಬಿದ್ದದ್ದು ಊದಿದ ಮಣಿಕಟ್ಟಿನ ಹುಡುಗಿಯೊಬ್ಬಳ ಮೇಲೆ.

ಫೋನು ಕೊಟ್ಟಳು.

ಮೈದೇಯಿ ಕಣ್ಣೊರೆಸಿಕೊಂಡಳು. ಗುಂಡಿ ಒತ್ತಿದಳು. ಬಾಗಿಲೆಳೆದು ಬೀಗ ಹಾಕಿ, ಬೀಗದ ಕೈಯನ್ನು ಪೆಟ್ಟಿಗೆಯಲ್ಲಿಟ್ಟು, ಅಂಕಿ ಕಾಣದಂತೆ ಮೈ ಅಡ್ಡ ಹಿಡಿದು ಮುಚ್ಚಿದಳು.

"ಹುಣ್ಣಿನ ವಿಷಯ ಹೋದ ವಾರವೇ ಹೇಳಿದೀನಿ," ಅಂದಳು ಹೋಗುತ್ತ. "ಹೇಳಬೇಕಾದೋರಿಗೆಲ್ಲಾ ಹೇಳಿದೀನಿ." ಓಡಿದಳು.

ಗೇನರ್ ತನ್ನ ಫೋನು ತೆಗೆದು ಆಂಬುಲೆನ್ಸಿಗೆ ಕರೆ ಮಾಡಿದಳು. ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು. ಏನೂ ಆಗಬೇಕಿಲ್ಲ ಅಂದಳು. ಉಸಿರಾಡುತ್ತಿದ್ದಾರಾ? ಹೌದು. ಪ್ರಜ್ಞೆ ಇದೆಯಾ? ಇದೆ. ನೀವು ಅವರ ಪಕ್ಕದಲ್ಲಿದ್ದೀರಾ? ಇಲ್ಲ. ತುರ್ತಿನದ್ದಲ್ಲ, ಸರದಿಯಲ್ಲಿ ಬರುತ್ತೇವೆ, ಸಂಜೆಯಾಗಬಹುದು, ಹೆಚ್ಚೂ ಆಗಬಹುದು ಎಂದರು. ಅವಳು ಸರಿ ಅಂದಳು. ಇಮೋಜೆನ್‌ಳ ಕರೆ ಬರುತ್ತಿತ್ತು, ಸಭೆ ಶುರುವಾಗಿರಬೇಕು. ಎತ್ತಲಿಲ್ಲ.

ಬಾಗಿಲಲ್ಲಿ ಕಾಗದ ಹಾಕುವ ಸಂದಿಯ ಮುಂದೆ ಮಂಡಿಯೂರಿದಳು. ತಗಡು ಮೇಲೆತ್ತಿ ಬಾಯಿಟ್ಟಳು.

"ಆರ್ನಲ್ಡ್, ನಾನು ಕಣೋ. ಗೇನರ್."

ಮುಂದೇನು ಹೇಳಲು ಹೊರಟರೂ ಅದು ಪ್ರಶ್ನೆಯಾಗುತ್ತಿತ್ತು. ನೋಯ್ತಿದೆಯಾ? ಹೆದರಿಕೆಯಾಗ್ತಿದೆಯಾ? ನನ್ನ ಮೇಲೆ ಸಿಟ್ಟಿಲ್ಲ ತಾನೆ? ಏನು ಕೇಳಿದರೂ ಹೂಂ ಕೊಡುತ್ತಾನೆ, ಕೇಳಿದವರಿಗೆಲ್ಲ ಕೊಟ್ಟಿದ್ದಾನೆ. ಅವಳು ಹಲ್ಲು ಕಚ್ಚಿದಳು. ಕೇಳಲಿಲ್ಲ.

"ಹೂಂ," ಅಂದ ಆರ್ನಲ್ಡ್ ಒಳಗಿನಿಂದ. ಸ್ವಲ್ಪ ಹೊತ್ತಿಗೆ ಮತ್ತೆ, "ಹೂಂ." ಆಮೇಲೆ ಜೋರಾಗಿ, ಧಕ್ಕೆಯ ಆ ತುದಿಯವರನ್ನು ಕರೆಯುವ ಹಾಗೆ, ಗಂಟಲು ಹರಿಯುವ ಹಾಗೆ, "ಹೂಂ! ಹೂಂ! ಹೂಂ!"

ಯಾರೂ ಅವನನ್ನು ಏನೂ ಕೇಳಿರಲಿಲ್ಲ.